1453ಕ್ಕೆ ಮೊದಲೇ ಎದ್ದು ನಿಂತ ಗುಮ್ಮಟ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಶಿಕ್ಷಕ. 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದರು, ಅಲ್ಲಿನ ಗ್ರೀಕ್ ವಿದ್ವಾಂಸರು ಹಸ್ತಪ್ರತಿಗಳನ್ನು ಹೊತ್ತು ಇಟಲಿಗೆ ಓಡಿಬಂದರು, ಅದರಿಂದ ಯುರೋಪಿನ ಕಲೆ-ವಿದ್ಯೆಗಳ ಪುನರುಜ್ಜೀವನ (ರಿನೈಸಾನ್ಸ್) ಶುರುವಾಯಿತು ಎಂದು ನಾವು ಓದಿದ್ದೇವೆ, ಪಾಠವನ್ನೂ ಹಾಗೇ ಮಾಡುತ್ತೇವೆ. ಮೊನ್ನೆ ವಿದ್ಯಾರ್ಥಿನಿಯೊಬ್ಬಳು, ‘ಫ್ಲಾರೆನ್ಸ್ ಚರ್ಚಿನ ಗುಮ್ಮಟ 1436ರಲ್ಲೇ ಮುಗಿದಿತ್ತಂತಲ್ಲ ಸರ್, ಮತ್ತೆ ಶುರುವಾಗಿದ್ದು ಯಾವಾಗ?’ ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ನಿಜವಾದ ಕಾರಣವೇನು? ಇಟಲಿಯಲ್ಲೇ, ಅದರಲ್ಲೂ ಫ್ಲಾರೆನ್ಸಿನಲ್ಲೇ ಏಕೆ? ಆ ಕಾಲದ ಸಾಮಾನ್ಯ ಜನರಿಗೆ ಇದರಿಂದ ಏನಾದರೂ ಸಿಕ್ಕಿತೆ?

ಉತ್ತರ: ಆ ಹುಡುಗಿ ಎಳೆದದ್ದು ಸರಿಯಾದ ಎಳೆಯನ್ನೇ ಮೇಷ್ಟ್ರೇ. ಗುಮ್ಮಟ ಕಟ್ಟಿದ ಬ್ರುನೆಲ್ಲೆಸ್ಕಿ 1446ರಲ್ಲಿ ತೀರಿಕೊಂಡ. ಚಿತ್ರಕಲೆಯ ದಿಕ್ಕನ್ನೇ ತಿರುಗಿಸಿದ ಮಸಾಚ್ಚೊ ಸತ್ತದ್ದು 1428ರಲ್ಲಿ, ಇನ್ನೂ ಮೂವತ್ತು ತುಂಬದ ವಯಸ್ಸಿನಲ್ಲಿ. ದೂರ-ಹತ್ತಿರವನ್ನು ಲೆಕ್ಕ ಹಾಕಿ ಚಿತ್ರಿಸುವ ಬಗೆಯನ್ನು ಆಲ್ಬರ್ಟಿ ಪುಸ್ತಕ ಮಾಡಿದ್ದು 1435ರಲ್ಲಿ. ಕಾನ್‌ಸ್ಟಾಂಟಿನೋಪಲ್ ಬಿದ್ದದ್ದು 1453ರ ಮೇ 29ರಂದು. ಹಾಗಾಗಿ ಅದನ್ನು ಪುನರುಜ್ಜೀವನದ ಆರಂಭ ಎನ್ನಲು ಬರುವುದಿಲ್ಲ. ಆ ಹೊತ್ತಿಗೆ ಅದರ ಮೊದಲ ತಲೆಮಾರಿನ ಹಲವರು ಆಗಲೇ ಮಣ್ಣು ಸೇರಿದ್ದರು.

ಪುಸ್ತಕಗಳ ಕಥೆಯೂ ಹಳೆಯದೇ. ಪೆಟ್ರಾರ್ಕ್ ಎಂಬ ಕವಿ 1345ರಲ್ಲಿ ವೆರೋನಾದ ಚರ್ಚ್ ಗ್ರಂಥಾಲಯದಲ್ಲಿ ಪ್ರಾಚೀನ ರೋಮಿನ ವಾಗ್ಮಿ ಸಿಸೆರೊನ ಪತ್ರಗಳ ಹಸ್ತಪ್ರತಿ ಕಂಡು ಕೈಯಾರೆ ನಕಲು ಮಾಡಿಕೊಂಡ. ಅವನ ಬಳಿ ಪ್ರಾಚೀನ ಗ್ರೀಕ್ ಕವಿ ಹೋಮರನ ಗ್ರೀಕ್ ಪ್ರತಿ ಇತ್ತು, ಆದರೆ ಓದಲು ಬರುತ್ತಿರಲಿಲ್ಲ. ಆ ಕೊರತೆ ನೀಗಿಸಲೆಂದೇ ಫ್ಲಾರೆನ್ಸ್ ಸರ್ಕಾರ ಮಾನುಯೆಲ್ ಕ್ರಿಸೊಲೊರಾಸ್ ಎಂಬ ವಿದ್ವಾಂಸನನ್ನು ಕಾನ್‌ಸ್ಟಾಂಟಿನೋಪಲ್‌ನಿಂದ ಸಂಬಳ ಕೊಟ್ಟು ಕರೆಸಿಕೊಂಡಿತು. ಆತ ಪಾಠ ಶುರುಮಾಡಿದ್ದು 1397ರಲ್ಲಿ. ಯಾರೂ ಅವನನ್ನು ಓಡಿಸಿರಲಿಲ್ಲ, ಅವನು ಕೆಲಸಕ್ಕೆ ಬಂದಿದ್ದ. 1417ರಲ್ಲಿ ಪೋಜ್ಜೊ ಬ್ರಾಚ್ಚೊಲಿನಿ ಎಂಬ ಪೋಪ್ ಕಚೇರಿಯ ಬರಹಗಾರ ಜರ್ಮನಿಯ ಮಠವೊಂದರಲ್ಲಿ ಪ್ರಾಚೀನ ರೋಮಿನ ಲುಕ್ರೀಷಿಯಸ್ ಕವಿಯ ಕೃತಿಯನ್ನು ಹುಡುಕಿ ತೆಗೆದ. ಈ ಪೋಜ್ಜೊನ ಹೆಸರು ನೆನಪಿರಲಿ, ಮುಂದೆ ಅವನು ನಮ್ಮ ಹಂಪಿಯ ಸುದ್ದಿ ತರುತ್ತಾನೆ.

ಹಾಗೆಂದು ಗ್ರೀಕರ ಪಾಲನ್ನು ತಳ್ಳಿಹಾಕುವಂತಿಲ್ಲ. ಪೂರ್ವ-ಪಶ್ಚಿಮದ ಚರ್ಚುಗಳನ್ನು ಒಂದು ಮಾಡಲು 1438-39ರಲ್ಲಿ ಫೆರಾರಾ ಮತ್ತು ಫ್ಲಾರೆನ್ಸಿನಲ್ಲಿ ದೊಡ್ಡ ಸಭೆ ನಡೆಯಿತು. ಕಾನ್‌ಸ್ಟಾಂಟಿನೋಪಲ್‌ನಿಂದ ಆಳುತ್ತಿದ್ದ ಬೈಜಾಂಟಿಯಂ ಚಕ್ರವರ್ತಿ ತನ್ನ ಪರಿವಾರದೊಂದಿಗೆ ಬಂದಿದ್ದ. ಆ ಗುಂಪಿನಲ್ಲಿದ್ದ ಬೆಸ್ಸಾರಿಯನ್ ಮುಂದೆ ಇಟಲಿಯಲ್ಲೇ ನೆಲೆಸಿ ಕಾರ್ಡಿನಲ್, ಅಂದರೆ ಪೋಪನ ನಂತರದ ಹಿರಿಯ ಧರ್ಮಾಧಿಕಾರಿ ಆದ. ತನ್ನ ರಾಜಧಾನಿ ತುರ್ಕರ ಪಾಲಾದ ಮೇಲೆ, ಗ್ರೀಕ್ ಪುಸ್ತಕಗಳೂ ಅಳಿದುಹೋಗಬಾರದೆಂದು ಎಲ್ಲೆಲ್ಲಿಂದಲೋ ಕೂಡಿಹಾಕಿ 1468ರಲ್ಲಿ ಇಡೀ ಸಂಗ್ರಹವನ್ನು ವೆನಿಸ್‌ಗೆ ದಾನ ಮಾಡಿದ. ಅಲ್ಲಿನ ಮಾರ್ಚಿಯಾನಾ ಗ್ರಂಥಾಲಯದ ಬುನಾದಿ ಅದು. 1490ರ ದಶಕದಲ್ಲಿ ಅದೇ ಊರಿನಲ್ಲಿ ಮುದ್ರಕ ಆಲ್ಡಸ್ ಮನೂಷಿಯಸ್ ಗ್ರೀಕ್ ಪುಸ್ತಕಗಳನ್ನು ಅಚ್ಚು ಹಾಕಲು ಕೂತಾಗ, ಕರಡು ತಿದ್ದಲು ವಲಸೆ ಬಂದ ಗ್ರೀಕರು ಸಿಕ್ಕರು. ಒಟ್ಟಿನಲ್ಲಿ 1453 ನಡೆಯುತ್ತಿದ್ದ ಕೆಲಸಕ್ಕೆ ವೇಗ ಕೊಟ್ಟಿತು. ಅರಿಸ್ಟಾಟಲನ ಬಹುಪಾಲು ಬರಹ ಅರಬ್ಬಿ ವಿದ್ವಾಂಸರ ವ್ಯಾಖ್ಯಾನಗಳ ಸಮೇತ ಸ್ಪೇನಿನ ಟೊಲೆಡೊ, ಸಿಸಿಲಿಗಳ ಮೂಲಕ 12 ಮತ್ತು 13ನೇ ಶತಮಾನದಲ್ಲೇ ಲ್ಯಾಟಿನ್‌ಗೆ ಬಂದಿತ್ತು. ‘ಸಾವಿರ ವರ್ಷದ ಕತ್ತಲೆ’ ಎಂದು ನಮ್ಮ ಗೈಡುಗಳು ಬರೆಯುವುದನ್ನು ನಾನಂತೂ ಹೊಡೆದುಹಾಕಿಸುತ್ತಿದ್ದೆ. ಬೊಲೊನ್ಯಾ, ಪ್ಯಾರಿಸ್ ವಿಶ್ವವಿದ್ಯಾಲಯಗಳು, ಕನ್ನಡಕ, ಆಕಾಶ ಮುಟ್ಟುವ ಚರ್ಚುಗಳು ಎಲ್ಲವೂ ಆ ‘ಕತ್ತಲೆ’ಯವೇ.

ಹಾಗಾದರೆ ಫ್ಲಾರೆನ್ಸಿನಲ್ಲೇ ಏಕೆ? ನನ್ನನ್ನು ಕೇಳಿದರೆ, ಉತ್ತರ ಹುಡುಕಬೇಕಾದದ್ದು ಆ ಊರಿನ ಜಮಾ-ಖರ್ಚಿನ ಪುಸ್ತಕಗಳಲ್ಲಿ. ಆ ಕಾಲದ ಕಲೆಯ ಹಿಂದೆ ಯಾರೋ ಒಬ್ಬ ಹೇಳಿ ಮಾಡಿಸಿದವನಿದ್ದಾನೆ, ದುಡ್ಡು ಕೊಟ್ಟವನಿದ್ದಾನೆ, ಹಲವು ಸಲ ನೋಟರಿ ಬರೆದ ಕರಾರು ಪತ್ರವೂ ಇದೆ. ಈ ಮೂರನ್ನೂ ಬಿಟ್ಟು ಕಲಾವಿದನ ಪ್ರತಿಭೆಯೊಂದನ್ನೇ ಹೇಳಿದರೆ ಕಥೆ ಅರ್ಧಕ್ಕೇ ನಿಂತುಬಿಡುತ್ತದೆ.

ಫ್ಲಾರೆನ್ಸಿಗೆ ರಾಜನಿರಲಿಲ್ಲ. ಅದು ವೃತ್ತಿ ಸಂಘಗಳು, ಅಂದರೆ ಗಿಲ್ಡುಗಳು ನಡೆಸುತ್ತಿದ್ದ ನಗರ ಗಣರಾಜ್ಯ. ಇಂಗ್ಲೆಂಡಿನಿಂದ ಉಣ್ಣೆ ತರಿಸಿ, ನೇಯಿಸಿ, ಬಣ್ಣ ಹಾಕಿಸಿ ಯುರೋಪಿಗೆಲ್ಲ ಮಾರುತ್ತಿದ್ದರು. 1252ರಿಂದ ಅಚ್ಚಾಗುತ್ತಿದ್ದ ಅವರ ಚಿನ್ನದ ನಾಣ್ಯ ಫ್ಲೋರಿನ್ ಎಲ್ಲ ಸಂತೆಯಲ್ಲೂ ಚಲಾವಣೆಯಾಗುತ್ತಿತ್ತು. ಬಾರ್ಡಿ ಮತ್ತು ಪೆರುಜ್ಜಿ ಎಂಬ ಎರಡು ಬ್ಯಾಂಕುಗಳು ಇಂಗ್ಲೆಂಡಿನ ದೊರೆ ಮೂರನೇ ಎಡ್ವರ್ಡನಿಗೆ ಸಾಲ ಕೊಟ್ಟು, ಅದು ವಾಪಸು ಬಾರದೆ 1340ರ ದಶಕದಲ್ಲಿ ಮುಳುಗಿದವು. ಬೆನ್ನಿಗೇ 1348ರ ಪ್ಲೇಗು ಊರಿನ ಸುಮಾರು ಅರ್ಧ ಜನರನ್ನು ಒಯ್ದಿತು. ಪ್ಲೇಗಿನಿಂದ ಆಸ್ತಿ ಉಳಿದವರ ಕೈ ಸೇರಿತು, ಅದೇ ಪುನರುಜ್ಜೀವನಕ್ಕೆ ಕಾರಣ ಎನ್ನುವವರೂ ಇದ್ದಾರೆ. ಪ್ಲೇಗು ಯುರೋಪಿನ ಮೂಲೆ ಮೂಲೆಗೂ ಬಂದಿತ್ತು. ಅದೊಂದೇ ಕಾರಣವಾಗಿದ್ದರೆ ಹತ್ತು ಫ್ಲಾರೆನ್ಸುಗಳು ಹುಟ್ಟಬೇಕಿತ್ತು.

ವ್ಯಾಪಾರದ ಊರಿಗೆ ಲೆಕ್ಕ ಬರುವವರು ಬೇಕು, ಪತ್ರ ಬರೆಯುವವರು ಬೇಕು. 1338ರ ಸುಮಾರಿನ ಫ್ಲಾರೆನ್ಸ್ ಬಗ್ಗೆ ಇತಿಹಾಸಕಾರ ಜೊವಾನ್ನಿ ವಿಲ್ಲಾನಿ ಹೇಳುವ ಪ್ರಕಾರ, ಎಂಟರಿಂದ ಹತ್ತು ಸಾವಿರ ಮಕ್ಕಳು ಅಕ್ಷರ ಕಲಿಯುತ್ತಿದ್ದರು, ಸಾವಿರಕ್ಕೂ ಹೆಚ್ಚು ಹುಡುಗರು ಆರು ಲೆಕ್ಕದ ಶಾಲೆಗಳಲ್ಲಿದ್ದರು. ಆ ಶಾಲೆಗಳಲ್ಲಿ ಕಲಿಸುತ್ತಿದ್ದದ್ದು ನಮ್ಮ ಅಂಕಿಗಳನ್ನೇ. ಪೀಸಾ ಊರಿನ ಫಿಬೊನಾಚಿ ಉತ್ತರ ಆಫ್ರಿಕದ ಅರಬ್ಬರಿಂದ ಕಲಿತು, 1202ರ ತನ್ನ ಪುಸ್ತಕದಲ್ಲಿ ‘ಭಾರತೀಯರ ಒಂಬತ್ತು ಅಂಕಿಗಳು’ ಎಂದೇ ಅವುಗಳನ್ನು ಪರಿಚಯಿಸಿದ್ದ. ಅವುಗಳನ್ನು ತಿದ್ದಿ ಮೋಸ ಮಾಡುವುದು ಸುಲಭವೆಂಬ ಭಯಕ್ಕೆ ಫ್ಲಾರೆನ್ಸಿನ ಹಣ ಬದಲಿಸುವವರ ಸಂಘ 1299ರಲ್ಲಿ ಖಾತೆ ಪುಸ್ತಕದಲ್ಲಿ ಬಳಸಬಾರದೆಂದು ನಿಷೇಧ ಹಾಕಿತು. ನಿಷೇಧ ಉಳಿಯಲಿಲ್ಲ, ಅಂಕಿಗಳು ಉಳಿದವು.

ಇನ್ನು ಪತ್ರ ಬರೆಯುವವರು. ಆಗಿನ ರಾಜತಾಂತ್ರಿಕ ಪತ್ರ ವ್ಯವಹಾರವೆಲ್ಲ ಲ್ಯಾಟಿನ್‌ನಲ್ಲಿ. ಯಾರ ಲ್ಯಾಟಿನ್ ಸಿಸೆರೊನ ಹಾಗೆ ಹರಿತವೋ ಅವರ ಮಾತಿಗೆ ತೂಕ. 1375ರಿಂದ 1406ರವರೆಗೆ ಫ್ಲಾರೆನ್ಸಿನ ಚಾನ್ಸಲರ್, ಅಂದರೆ ಸರ್ಕಾರಿ ಪತ್ರ ವ್ಯವಹಾರದ ಮುಖ್ಯಸ್ಥ ಆಗಿದ್ದ ಕೊಲುಚ್ಚೊ ಸಲುತಾತಿಯ ಒಂದು ಪತ್ರ ಸಾವಿರ ಕುದುರೆ ಸವಾರರಿಗಿಂತ ಹೆಚ್ಚು ಕೆಡುಕು ಮಾಡುತ್ತದೆಂದು ಶತ್ರುವಾದ ಮಿಲಾನಿನ ದೊರೆ ಹೇಳುತ್ತಿದ್ದನಂತೆ. ಕ್ರಿಸೊಲೊರಾಸ್‌ನನ್ನು ಕರೆಸಿದ್ದೂ ಈ ಸಲುತಾತಿಯೇ. ಮಾನವತಾವಾದ ಎಂದು ನಾವು ಪಾಠ ಮಾಡುವುದು ಅಲ್ಲಿ ಒಂದು ತತ್ವವಾಗಿ ಹುಟ್ಟಲಿಲ್ಲ. ಮೊದಲಿಗೆ ಅದು ವ್ಯಾಕರಣ, ಅಲಂಕಾರ, ಕಾವ್ಯ, ಇತಿಹಾಸ, ನೀತಿ ಇಷ್ಟನ್ನು ಪ್ರಾಚೀನರಿಂದಲೇ ಕಲಿಯಬೇಕೆಂಬ ಶಿಕ್ಷಣ ಕ್ರಮ. ಅದನ್ನು ಕಲಿತವರಿಗೆ ಕಚೇರಿಯಲ್ಲಿ ಕೆಲಸ ಸಿಗುತ್ತಿತ್ತು. ಪೋಪರ ಕಚೇರಿಯಲ್ಲೂ ಅದಕ್ಕೆ ಬೆಲೆಯಿತ್ತು. ದೇವರನ್ನು ಬಿಟ್ಟು ಮನುಷ್ಯನ ಕಡೆ ತಿರುಗಿದರು ಎಂಬ ಮಾತನ್ನು ಸ್ವಲ್ಪ ಎಚ್ಚರದಿಂದ ಹೇಳಬೇಕು. ಪೆಟ್ರಾರ್ಕ್ ಕೊನೆವರೆಗೂ ಭಕ್ತ ಕ್ರೈಸ್ತನೇ.

ದುಡ್ಡಿನ ವಿಷಯಕ್ಕೆ ಬರುತ್ತೇನೆ, ರುಚಿ ಇರುವುದು ಇಲ್ಲೇ. ಚರ್ಚಿನ ಪ್ರಕಾರ ಬಡ್ಡಿ ಪಾಪ. ಬಡ್ಡಿಯಿಲ್ಲದೆ ಬ್ಯಾಂಕಿಲ್ಲ. 1397ರಲ್ಲಿ ಶುರುವಾದ ಮೆಡಿಚಿ ಬ್ಯಾಂಕು ಹುಂಡಿಗಳ, ಅಂದರೆ ಒಂದೂರಲ್ಲಿ ಕೊಟ್ಟ ಹಣವನ್ನು ಇನ್ನೊಂದೂರಲ್ಲಿ ಪಡೆಯುವ ಪತ್ರಗಳ ಮೂಲಕ ಇದಕ್ಕೊಂದು ದಾರಿ ಕಂಡುಕೊಂಡಿತ್ತು. ಫ್ಲಾರೆನ್ಸಿನಲ್ಲಿ ಹಣ ಕೊಟ್ಟು ಬ್ರೂಜ್‌ನಲ್ಲೋ ಲಂಡನ್ನಿನಲ್ಲೋ ಬೇರೆ ನಾಣ್ಯದಲ್ಲಿ ವಸೂಲು ಮಾಡಿದರೆ, ಲಾಭ ವಿನಿಮಯ ದರದಲ್ಲಿ ಅಡಗಿ ಕೂರುತ್ತಿತ್ತು. ಕಾಗದದ ಮೇಲೆ ಬಡ್ಡಿ ಇಲ್ಲ, ಮನಸ್ಸಿನ ಮೇಲೆ ಇದೆ. ಆ ಬ್ಯಾಂಕಿನ ಒಡೆಯ ಕೊಸಿಮೊ ದೆ ಮೆಡಿಚಿಗೆ ತನ್ನ ಸಂಪತ್ತಿನ ಬಗ್ಗೆ ಅಳುಕಿತ್ತೆಂದೂ, ಪೋಪ್ ನಾಲ್ಕನೇ ಯುಜೀನಿಯಸ್ ಸಾನ್ ಮಾರ್ಕೊ ಮಠಕ್ಕೆ ಹತ್ತು ಸಾವಿರ ಫ್ಲೋರಿನ್ ಖರ್ಚು ಮಾಡೆಂದರೆ ಈತ ನಲವತ್ತು ಸಾವಿರಕ್ಕೂ ಹೆಚ್ಚು ಸುರಿದನೆಂದೂ ಅವನಿಗೆ ಪುಸ್ತಕ ಒದಗಿಸುತ್ತಿದ್ದ ವ್ಯಾಪಾರಿ ವೆಸ್ಪಾಸಿಯಾನೊ ಬರೆದಿಟ್ಟಿದ್ದಾನೆ. ಇದೇ ವೆಸ್ಪಾಸಿಯಾನೊ ಕೊಸಿಮೊಗಾಗಿ ನಲವತ್ತೈದು ಲಿಪಿಕಾರರನ್ನು ಕೂರಿಸಿ ಇಪ್ಪತ್ತೆರಡು ತಿಂಗಳಲ್ಲಿ ಇನ್ನೂರು ಪುಸ್ತಕ ನಕಲು ಮಾಡಿಸಿದ್ದವನು. ಕೊಸಿಮೊನ ಮೊಮ್ಮಗ ಲೊರೆಂಜೊ ಮನೆತನದ ಲೆಕ್ಕ ತೆಗೆದು, 1434ರಿಂದ 1471ರವರೆಗೆ ಕಟ್ಟಡ, ದಾನ ಮತ್ತು ತೆರಿಗೆಗೆ 6,63,755 ಫ್ಲೋರಿನ್ ಹೋಗಿದೆ ಎಂದು ಬರೆದ. ಫ್ಲೋರಿನ್ ಒಂದಕ್ಕೆ ಸುಮಾರು ಮೂರೂವರೆ ಗ್ರಾಂ ಚಿನ್ನ ಎಂದರೆ ಎರಡು ಟನ್ನಿಗೂ ಹೆಚ್ಚು. ಅರ್ಧ ದುಡ್ಡು ಪೆಟ್ಟಿಗೆಯಲ್ಲಿರಬೇಕಿತ್ತು ಎಂದು ಕೆಲವರಿಗೆ ಅನ್ನಿಸಬಹುದು, ನನಗಂತೂ ಇದು ಸದ್ವಿನಿಯೋಗವೇ ಎಂಬ ಧಾಟಿಯಲ್ಲಿ ಅವನ ಟಿಪ್ಪಣಿ ಮುಗಿಯುತ್ತದೆ. ಪಾಪಭೀತಿ, ಪ್ರತಿಷ್ಠೆ, ಊರಾಭಿಮಾನ, ರಾಜಕೀಯ ಲೆಕ್ಕಾಚಾರ ಇದರಲ್ಲಿ ಎಷ್ಟೆಷ್ಟು ಪಾಲು ಎಂದು ಕೇಳಬೇಡಿ. ಕೊಸಿಮೊ 1433ರಲ್ಲಿ ಊರಿನಿಂದ ಗಡೀಪಾರಾಗಿ ಮರುವರ್ಷವೇ ಮರಳಿದವನು. ಕಿರೀಟವಿಲ್ಲದೆ ಆಳುವವನಿಗೆ ಊರವರ ಕಣ್ಣಿಗೆ ಬೀಳುವ ಕಟ್ಟಡಗಳು ಬೇಕಿದ್ದವು.

ಗುಮ್ಮಟಕ್ಕೆ ದುಡ್ಡು ಹಾಕಿದ್ದು ಮೆಡಿಚಿಗಳಲ್ಲ. ಆ ಚರ್ಚಿನ ಉಸ್ತುವಾರಿ ಉಣ್ಣೆ ವರ್ತಕರ ಸಂಘದ್ದು. 1296ರಲ್ಲಿ ಅಡಿಪಾಯ ಹಾಕಿ, ಮುಚ್ಚುವುದು ಹೇಗೆಂದು ಯಾರಿಗೂ ತಿಳಿಯದಷ್ಟು ದೊಡ್ಡ ಬಾಯಿ ಬಿಟ್ಟುಕೊಂಡು ಕೂತಿತ್ತು, ಸುಮಾರು 45 ಮೀಟರ್ ಅಗಲ. ಕೆಳಗಿನಿಂದ ಮರದ ಸೆಂಟ್ರಿಂಗ್ ಕೊಟ್ಟು ಕಟ್ಟಲು ಅಷ್ಟು ಉದ್ದದ ಮರವೂ ಇಲ್ಲ, ಅಷ್ಟು ಹಣವೂ ಇಲ್ಲ. 1418ರಲ್ಲಿ ಸಂಘ ಬಹಿರಂಗ ಸ್ಪರ್ಧೆ ಕರೆಯಿತು. ಅಕ್ಕಸಾಲಿಗನಾಗಿ ಪಳಗಿದ್ದ ಬ್ರುನೆಲ್ಲೆಸ್ಕಿ, ಸೆಂಟ್ರಿಂಗ್ ಇಲ್ಲದೆಯೇ ಕಟ್ಟುತ್ತೇನೆ ಎಂದ. ಒಂದರೊಳಗೊಂದು ಎರಡು ಗುಮ್ಮಟ, ಹೊರಗಿನದು ಮಳೆ-ಗಾಳಿಗೆ, ಒಳಗಿನದು ಭಾರಕ್ಕೆ. ಇಟ್ಟಿಗೆಗಳನ್ನು ಮೀನಿನ ಮುಳ್ಳಿನಂತೆ ಅಡ್ಡ-ಉದ್ದ ಹೆಣೆದಿದ್ದರಿಂದ ಗಾರೆ ಒಣಗುವವರೆಗೆ ಸಾಲು ಜಾರುತ್ತಿರಲಿಲ್ಲ, ಪ್ರತಿ ಸುತ್ತೂ ತನ್ನನ್ನು ತಾನೇ ಹಿಡಿದುಕೊಳ್ಳುತ್ತಿತ್ತು. ಭಾರ ಏರಿಸಲು ಎತ್ತುಗಳು ತಿರುಗಿಸುವ ರಾಟೆಯೊಂದನ್ನು ಮಾಡಿಸಿದ. ಎತ್ತುಗಳನ್ನು ಬಿಚ್ಚಿ ತಿರುಗಿಸದೆ, ಹಲ್ಲುಚಕ್ರ ಬದಲಿಸಿದರೆ ಸಾಕು, ಹಗ್ಗ ಮೇಲಕ್ಕೂ ಹೋಗುತ್ತಿತ್ತು, ಕೆಳಕ್ಕೂ ಬರುತ್ತಿತ್ತು. 1420ರಿಂದ 1436ರವರೆಗೆ ಹದಿನಾರು ವರ್ಷ, ಸುಮಾರು 40 ಲಕ್ಷ ಇಟ್ಟಿಗೆ. ರೋಮಿನ ಹಳೆಯ ಕಟ್ಟಡಗಳನ್ನು ಅಳೆದು ನೋಡಿದ ಅನುಭವ ಅವನಿಗೆ ನೆರವಾಗಿರಬೇಕು, ಆದರೆ ಈ ವಿಧಾನ ರೋಮನ್ನರದ್ದಲ್ಲ. ಪ್ರಾಚೀನರ ಅನುಕರಣೆ ಎನ್ನುವಾಗ ಮಕ್ಕಳಿಗೆ ಇದನ್ನೂ ಹೇಳಿ.

ಚಿತ್ರಕಾರರ ಕೆಲಸ ಹೇಗೆ ನಡೆಯುತ್ತಿತ್ತೆಂದು ತಿಳಿಯಲು ಒಂದೇ ಒಂದು ಕರಾರು ಪತ್ರ ಸಾಕು. 1485ರ ಅಕ್ಟೋಬರ್ 23ರಂದು ಡೊಮೆನಿಕೊ ಗಿರ್ಲಾಂಡಾಯೊ ಎಂಬ ಚಿತ್ರಕಾರನಿಗೂ ಫ್ಲಾರೆನ್ಸಿನ ಅನಾಥ ಶಿಶುಗಳ ಆಸ್ಪತ್ರೆಯ ಮುಖ್ಯಸ್ಥನಿಗೂ ಆದ ಒಪ್ಪಂದವಿದು. ಬಾಲ ಏಸುವನ್ನು ಜ್ಞಾನಿಗಳು ಬಂದು ಪೂಜಿಸುವ ದೃಶ್ಯವನ್ನು ಹಲಗೆಯ ಮೇಲೆ ಬರೆಯಬೇಕು. ಮೊದಲು ಕಾಗದದ ಮೇಲೆ ತೋರಿಸಿದ ನಕ್ಷೆಯಂತೆಯೇ ಇರಬೇಕು. ಬಣ್ಣ, ಚಿನ್ನದ ಪುಡಿ ಎಲ್ಲ ಚಿತ್ರಕಾರನದೇ ಖರ್ಚು. ನೀಲಿ ಮಾತ್ರ ಔನ್ಸಿಗೆ ಸುಮಾರು ನಾಲ್ಕು ಫ್ಲೋರಿನ್ ಬೆಲೆಯ ಅಲ್ಟ್ರಾಮರೀನ್ ಆಗಿರಬೇಕು. ಮೂವತ್ತು ತಿಂಗಳಲ್ಲಿ ಮುಗಿಸಬೇಕು, ತಪ್ಪಿದರೆ ಹದಿನೈದು ಫ್ಲೋರಿನ್ ದಂಡ. ಒಟ್ಟು ಬೆಲೆ 115 ದೊಡ್ಡ ಫ್ಲೋರಿನ್, ತಿಂಗಳಿಗೆ ಮೂರರಂತೆ ಕಂತು. ಅದೂ ಆ ಬೆಲೆ ಬಾಳುತ್ತದೆಂದು ಮುಖ್ಯಸ್ಥನಿಗೆ ಅನ್ನಿಸಿದರೆ ಮಾತ್ರ.

ನೀಲಿಯ ಮೇಲೆ ಅಷ್ಟು ಕಣ್ಣೇಕೆ? ಅದು ಅಫ್ಘಾನಿಸ್ತಾನದ ಬದಖ್‌ಶಾನ್ ಗಣಿಯ ಲಾಜವರ್ದ ಎಂಬ ನೀಲಿ ಕಲ್ಲನ್ನು ಅರೆದು, ತೊಳೆದು, ಸೋಸಿ ತೆಗೆದ ಬಣ್ಣ. ಅಗ್ಗದ ನೀಲಿ ಬಳಿದು ದುಬಾರಿ ಲೆಕ್ಕ ಹೇಳುವ ಚಿತ್ರಕಾರರೂ ಇರುತ್ತಾರಲ್ಲ. ಅಂಥ ನೀಲಿಯನ್ನು ಹೆಚ್ಚಾಗಿ ಮೇರಿ ಮಾತೆಯ ಉಡುಗೆಗೆ ಬಳಸುತ್ತಿದ್ದರು, ನೋಡಿದವರಿಗೆ ಬೆಲೆಯೂ ತಿಳಿಯುತ್ತಿತ್ತು. ಗಿರ್ಲಾಂಡಾಯೊ 1488ರಲ್ಲಿ ಚಿತ್ರ ಮುಗಿಸಿಕೊಟ್ಟ. ಅದು ಇಂದಿಗೂ ಅದೇ ಆಸ್ಪತ್ರೆಯ ವಸ್ತುಸಂಗ್ರಹಾಲಯದಲ್ಲಿದೆ.

ಅದೇ 1488ರಲ್ಲಿ ಹದಿಮೂರು ವರ್ಷದ ಹುಡುಗನೊಬ್ಬ ಗಿರ್ಲಾಂಡಾಯೊನ ಕಾರ್ಯಾಗಾರಕ್ಕೆ ಕೆಲಸ ಕಲಿಯಲು ಸೇರಿದ. ಹೆಸರು ಮೈಕೆಲ್ಯಾಂಜೆಲೊ. ಲಿಯೊನಾರ್ಡೊ ಅದಕ್ಕೆ ಮೊದಲೇ ವೆರೊಕ್ಕಿಯೊ ಎಂಬ ಚಿತ್ರಕಾರನ ಬಳಿ ಹೀಗೆ ಪಳಗಿದ್ದ. ಗಾರೆ ಕೆಲಸದ ಮೇಸ್ತ್ರಿಯ ಕೈಕೆಳಗೆ ಹುಡುಗರು ಕಲಿಯುವ ಹಾಗೆಯೇ ಇಲ್ಲಿಯೂ. ಬಣ್ಣ ಅರೆಯುವುದು, ಹಲಗೆಗೆ ಬಳಿಯುವುದು, ಗುರುವಿನ ರೇಖೆಗಳನ್ನು ನಕಲು ಮಾಡುವುದು, ಆಮೇಲೆ ಚಿತ್ರದ ಮೂಲೆಯಲ್ಲೊಂದು ಮರವನ್ನೋ ದೇವದೂತನನ್ನೋ ಬರೆಯುವುದು. ವೆರೊಕ್ಕಿಯೊನ ‘ಏಸುವಿನ ದೀಕ್ಷಾಸ್ನಾನ’ ಚಿತ್ರದಲ್ಲಿ ಒಬ್ಬ ದೇವದೂತ ಲಿಯೊನಾರ್ಡೊನ ಕೈಯದು. ಒಬ್ಬಂಟಿ ಮೇಧಾವಿಯ ಕಲ್ಪನೆ ಆ ತಲೆಮಾರಿನ ಗೆಲುವಿನಿಂದ ಆಮೇಲೆ ಹುಟ್ಟಿತು. ಮೈಕೆಲ್ಯಾಂಜೆಲೊ ಡೇವಿಡನನ್ನು ಕೆತ್ತಿದ್ದು ಕೂಡ ಉಣ್ಣೆ ಸಂಘದ ಕಲ್ಲಿನಲ್ಲಿ. ಹಿಂದೆ ಬೇರೊಬ್ಬರು ಕೈಹಾಕಿ ಅರ್ಧಕ್ಕೆ ಬಿಟ್ಟಿದ್ದ ಅಮೃತಶಿಲೆ ಅದು. 1504ರ ಜನವರಿಯಲ್ಲಿ ಅದನ್ನು ಎಲ್ಲಿ ನಿಲ್ಲಿಸಬೇಕೆಂದು ಚರ್ಚಿಸಿದ ಸಮಿತಿಯಲ್ಲಿ ಲಿಯೊನಾರ್ಡೊ, ಬೊಟಿಚೆಲ್ಲಿ ಇಬ್ಬರೂ ಇದ್ದರು. ಇಂಥ ಮೀಟಿಂಗಿನ ನಡಾವಳಿ ಓದಲು ಸಿಗುವುದು ಒಂದು ಭಾಗ್ಯ.

ದೃಷ್ಟಿಕೋನ, ಅಂದರೆ ಪರ್ಸ್ಪೆಕ್ಟಿವ್ ಬಗ್ಗೆ ಎರಡು ಮಾತು. ಸಾಂತಾ ಮರಿಯಾ ನೊವೆಲ್ಲಾ ಚರ್ಚಿನಲ್ಲಿ ಮಸಾಚ್ಚೊ 1427ರ ಸುಮಾರಿಗೆ ಬರೆದ ‘ತ್ರಿತ್ವ’ ಭಿತ್ತಿಚಿತ್ರದ ಮುಂದೆ ನಿಂತರೆ ಗೋಡೆಯೊಳಗೆ ಒಂದು ಕಮಾನಿನ ಕೋಣೆ ಇದ್ದಂತೆ ಕಾಣುತ್ತದೆ. ಸಮಾನಾಂತರ ಗೆರೆಗಳೆಲ್ಲ ಒಂದು ಬಿಂದುವಿನಲ್ಲಿ ಕೂಡುವ ಆ ಲೆಕ್ಕವನ್ನು ಬ್ರುನೆಲ್ಲೆಸ್ಕಿ ಪ್ರಯೋಗ ಮಾಡಿ ತೋರಿಸಿದ್ದ, ಆಲ್ಬರ್ಟಿ ಬರೆದಿಟ್ಟ. ಬೆಳಕು ಕಣ್ಣಿಗೆ ಹೇಗೆ ಬರುತ್ತದೆಂಬ ಶಾಸ್ತ್ರ ಮಾತ್ರ ಹನ್ನೊಂದನೇ ಶತಮಾನದಲ್ಲಿ ಕೈರೋದಲ್ಲಿದ್ದ ಇಬ್ನ್ ಅಲ್ ಹೈಥಮನದು. ಅವನ ಗ್ರಂಥ ಲ್ಯಾಟಿನ್‌ಗೂ ಇಟಾಲಿಯನ್‌ಗೂ ಬಂದಿತ್ತು, ಶಿಲ್ಪಿ ಗಿಬೆರ್ತಿ ತನ್ನ ಟಿಪ್ಪಣಿಗಳಲ್ಲಿ ಅದನ್ನು ಧಾರಾಳವಾಗಿ ಬಳಸಿಕೊಂಡಿದ್ದಾನೆ. ನೋಡುವವರ ಕಣ್ಣೂ ಸಿದ್ಧವಾಗಿತ್ತು. ಲೆಕ್ಕದ ಶಾಲೆಯಲ್ಲಿ ಪೀಪಾಯಿ ಎಷ್ಟು ಹಿಡಿಯುತ್ತದೆ, ಧಾನ್ಯದ ರಾಶಿ ಎಷ್ಟಿದೆ ಎಂದು ಅಳೆಯಲು ಕಲಿತ ವ್ಯಾಪಾರಿಗೆ ಚಿತ್ರದೊಳಗಿನ ಘನ ಆಕಾರಗಳು ತಟ್ಟನೆ ಅರ್ಥವಾಗುತ್ತಿದ್ದವು. ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ ಎಂಬ ದೊಡ್ಡ ಚಿತ್ರಕಾರ ವ್ಯಾಪಾರಿಗಳಿಗೆಂದೇ ಒಂದು ಲೆಕ್ಕದ ಪುಸ್ತಕ ಬರೆದಿದ್ದ. ಇಟಲಿಯೇ ಎಲ್ಲ ಎಂದುಕೊಳ್ಳಬಾರದು. ಎಣ್ಣೆಬಣ್ಣವನ್ನು ಬೆರಗಾಗುವಷ್ಟು ಪಳಗಿಸಿದವನು ಉತ್ತರದ ಫ್ಲಾಂಡರ್ಸಿನ ಯಾನ್ ವಾನ್ ಐಕ್, ಗೆಂಟ್ ನಗರದ ಅವನ ಚಿತ್ರ 1432ರದು.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ಸಾಮಾನ್ಯರಿಗೇನು ಸಿಕ್ಕಿತು ಎಂಬುದು. 1427ರಲ್ಲಿ ಫ್ಲಾರೆನ್ಸ್ ಮನೆಮನೆಯ ಆಸ್ತಿ-ಸಾಲ ಬರೆಸಿಕೊಂಡು ತೆರಿಗೆ ಹಾಕಿತು. ನಗರ ಮತ್ತು ಅದರ ಪ್ರಾಂತ್ಯ ಸೇರಿ ಸುಮಾರು 60,000 ಕುಟುಂಬಗಳ ದಾಖಲೆ ಇಂದಿಗೂ ಇದೆ. ಅದರ ಪ್ರಕಾರ ನಗರದ ನೂರಕ್ಕೆ ಒಂದು ಪಾಲು ಮನೆತನಗಳ ಕೈಯಲ್ಲಿ ನಗರದ ಸಂಪತ್ತಿನ ಕಾಲು ಭಾಗಕ್ಕಿಂತ ಹೆಚ್ಚಿತ್ತು. ಮಸಾಚ್ಚೊ ಬರೆಸಿದ ವಿವರವೂ ಅದರಲ್ಲಿದೆ. ತಾಯಿ ಮತ್ತು ತಮ್ಮನ ಜೊತೆ ಬಾಡಿಗೆ ಮನೆ, ಮುಂದೆ ಸಾಲಗಳ ಪಟ್ಟಿ.

ಉಣ್ಣೆ ತೊಳೆಯುವವರು, ಹಿಂಜುವವರು, ಹಣಿಗೆ ಹಾಕುವವರಿಗೆ ಸ್ವಂತ ಸಂಘ ಕಟ್ಟುವ ಹಕ್ಕಿರಲಿಲ್ಲ. ಸಂಘವಿಲ್ಲವೆಂದರೆ ಆಡಳಿತದಲ್ಲಿ ಪಾಲಿಲ್ಲ. 1378ರ ಜುಲೈನಲ್ಲಿ ಅವರು ದಂಗೆಯೆದ್ದು ನಗರ ಸರ್ಕಾರದ ಭವನಕ್ಕೆ ನುಗ್ಗಿದರು. ಮಿಕೆಲೆ ದಿ ಲಾಂಡೊ ಎಂಬ ಉಣ್ಣೆ ಕೆಲಸದವನು ನಗರದ ಮುಖ್ಯಸ್ಥನಾದ. ಕೆಲವೇ ವಾರಗಳಲ್ಲಿ ಅವರ ಹೊಸ ಸಂಘ ರದ್ದಾಯಿತು. ಗುಮ್ಮಟಕ್ಕೆ ಹಣ ಹರಿದು ಬಂದದ್ದು ಇವರ ಒಡೆಯರ ಸಂಘದಿಂದ. ಕಟ್ಟಡ ಕೆಲಸದಿಂದ ಕಲ್ಲುಕುಟಿಗರಿಗೆ, ಇಟ್ಟಿಗೆ ಸುಡುವವರಿಗೆ ಕೂಲಿ ಹುಟ್ಟಿತು, ಬೀದಿಯಲ್ಲಿ ನಿಂತ ಪ್ರತಿಮೆಗಳನ್ನು ಎಲ್ಲರೂ ನೋಡಿದರು ಎಂಬುದು ನಿಜ. ಅದಕ್ಕಿಂತ ಹೆಚ್ಚು ಹೇಳಲು ನನಗೆ ಧೈರ್ಯ ಸಾಲದು.

ಹೆಂಗಸರ ಪಾಡು ಇನ್ನೂ ಬಿಗಿ. 1425ರಲ್ಲಿ ನಗರವೇ ಒಂದು ವರದಕ್ಷಿಣೆ ನಿಧಿ ತೆರೆಯಿತು. ಮಗಳು ಚಿಕ್ಕವಳಿದ್ದಾಗ ತಂದೆ ಠೇವಣಿ ಇಟ್ಟರೆ ಮದುವೆ ಹೊತ್ತಿಗೆ ಬೆಳೆದು ಬರುತ್ತಿತ್ತು, ಸರ್ಕಾರಕ್ಕೂ ಯುದ್ಧದ ಸಾಲ ನಿಭಾಯಿಸಲು ಹಣ ಸಿಕ್ಕಂತಾಯಿತು. ಗಡೀಪಾರಾದ ಮನೆತನದ ವಿಧವೆ ಅಲೆಸ್ಸಾಂಡ್ರಾ ಸ್ಟ್ರೋಜ್ಜಿ 1447ರಲ್ಲಿ ದೂರದ ನೇಪಲ್ಸ್‌ನಲ್ಲಿದ್ದ ಮಗನಿಗೆ ಕಾಗದ ಬರೆದು, ಮಗಳನ್ನು ಸಾವಿರ ಫ್ಲೋರಿನ್ ವರದಕ್ಷಿಣೆಗೆ ರೇಷ್ಮೆ ವ್ಯಾಪಾರಿಯೊಬ್ಬನಿಗೆ ಗೊತ್ತು ಮಾಡಿದ್ದನ್ನು ತಿಳಿಸುತ್ತಾಳೆ. ಇನ್ನೂ ದೊಡ್ಡ ಮನೆತನ ಬೇಕೆಂದಿದ್ದರೆ 1,400 ಅಥವಾ 1,500 ಬೇಕಾಗುತ್ತಿತ್ತು, ಅದು ನಮ್ಮನ್ನು ಮುಳುಗಿಸುತ್ತಿತ್ತು ಎಂಬುದು ಅವಳ ಲೆಕ್ಕ. ಈ ಕಾಗದವನ್ನು ನಿಮ್ಮ ತರಗತಿಯ ಹೆಣ್ಣುಮಕ್ಕಳಿಗೆ ವಿವರಿಸುವ ಅಗತ್ಯವೇ ಬೀಳುವುದಿಲ್ಲ. ವರದಕ್ಷಿಣೆ ಹೊಂದದ ಅನೇಕ ಹುಡುಗಿಯರು ಕನ್ಯಾಮಠ ಸೇರುತ್ತಿದ್ದರು. ಅಂಥ ಒಂದು ಮಠದಲ್ಲೇ ಪ್ಲಾವುಟಿಲ್ಲಾ ನೆಲ್ಲಿ (1524-1588) ಎಂಬ ಸನ್ಯಾಸಿನಿ ಏಳು ಮೀಟರ್ ಉದ್ದದ ‘ಕೊನೆಯ ಭೋಜನ’ ಚಿತ್ರ ಬರೆದಳು. ಬಹುಕಾಲ ಮರೆತುಹೋಗಿದ್ದ ಅದನ್ನು ದುರಸ್ತಿ ಮಾಡಿ ಜನರ ನೋಟಕ್ಕೆ ಇಟ್ಟದ್ದು 2019ರಲ್ಲಿ.

ಗಿರ್ಲಾಂಡಾಯೊ ಚಿತ್ರ ಬರೆದುಕೊಟ್ಟ ಆ ಅನಾಥ ಶಿಶುಗಳ ಆಸ್ಪತ್ರೆಯ ಕಥೆಯನ್ನೂ ಇಲ್ಲೇ ಸೇರಿಸಬೇಕು. ರೇಷ್ಮೆ ಸಂಘ ಅದನ್ನು ಕಟ್ಟಿಸಲು ತೊಡಗಿದ್ದು 1419ರಲ್ಲಿ, ವಿನ್ಯಾಸ ಅದೇ ಬ್ರುನೆಲ್ಲೆಸ್ಕಿಯದು. ಅದರ ತೆಳ್ಳನೆಯ ಕಂಬಗಳ, ಅರ್ಧವೃತ್ತದ ಕಮಾನುಗಳ ಮೊಗಸಾಲೆಯನ್ನು ಪುನರುಜ್ಜೀವನ ವಾಸ್ತುಶಿಲ್ಪದ ಮೊದಲ ಕಟ್ಟಡವೆಂದು ಎಲ್ಲರೂ ಹೊಗಳುತ್ತಾರೆ. 1445ರ ಫೆಬ್ರವರಿ 5ರಂದು ಅಲ್ಲಿಗೆ ಬಂದ ಮೊದಲ ಮಗು ಹೆಣ್ಣು, ಅಗಾತಾ ಎಂದು ಹೆಸರಿಟ್ಟರು. ಆಮೇಲೂ ಬಂದವರಲ್ಲಿ ಹೆಣ್ಣುಗಳೇ ಹೆಚ್ಚು. ಮನೆಗೆಲಸದ ಗುಲಾಮ ಹೆಂಗಸರ ಮಕ್ಕಳೂ ಅನೇಕ. ಹೌದು, ಗುಲಾಮರು. ಪ್ಲೇಗಿನ ನಂತರ ಆಳು ಸಿಗದಾದಾಗ, 1360ರ ದಶಕದಲ್ಲಿ ಫ್ಲಾರೆನ್ಸ್ ಕ್ರೈಸ್ತರಾಗಿ ಹುಟ್ಟದವರನ್ನು ಗುಲಾಮರಾಗಿ ತರಲು ಕಾನೂನು ಮಾಡಿತು. ಕಪ್ಪು ಸಮುದ್ರದ ದಂಡೆಯ ತಾರ್ತಾರ್, ಸರ್ಕೇಸಿಯನ್ ಹುಡುಗಿಯರು ಮಾರಾಟವಾಗಿ ಬಂದರು. ಕೊಸಿಮೊನ ಮಗ ಕಾರ್ಲೊ ಅಂಥ ಒಬ್ಬ ಸರ್ಕೇಸಿಯನ್ ದಾಸಿಯಲ್ಲಿ ಹುಟ್ಟಿದವನು. ಗಿರ್ಲಾಂಡಾಯೊನ ಚಿತ್ರವನ್ನು ಹತ್ತಿರದಿಂದ ನೋಡಿದರೆ ಜ್ಞಾನಿಗಳ ಜೊತೆ ಇಬ್ಬರು ಪುಟ್ಟ ಮಕ್ಕಳು ಮಂಡಿಯೂರಿದ್ದಾರೆ, ಮೈಮೇಲೆ ಗಾಯದ ಗುರುತುಗಳಿವೆ. ಹೆರೋದ ರಾಜ ಕೊಲ್ಲಿಸಿದ ಬೆತ್ಲೆಹೇಮಿನ ಕೂಸುಗಳು ಅವು, ಆಸ್ಪತ್ರೆಗೆ ‘ಇನ್ನೊಸೆಂಟಿ’ (ಮುಗ್ಧರು) ಎಂಬ ಹೆಸರು ಬಂದದ್ದು ಅವರಿಂದಲೇ.

ಪೋಜ್ಜೊನ ಬಾಕಿ ತೀರಿಸಿಬಿಡುತ್ತೇನೆ. ವಿಜಯನಗರದ ಪಾಠದಲ್ಲಿ ನೀವು ಕಲಿಸುವ ನಿಕೊಲೊ ಕೊಂಟಿ 1420ರ ಸುಮಾರಿಗೆ ಆ ನಗರ ನೋಡಿ, ಪೂರ್ವ ದೇಶಗಳನ್ನೆಲ್ಲ ಸುತ್ತಿ ಇಟಲಿಗೆ ಮರಳಿದ. ದಾರಿಯಲ್ಲಿ ಜೀವಭಯದಿಂದ ಧರ್ಮ ಬಿಟ್ಟಿದ್ದಕ್ಕೆ ಕ್ಷಮೆ ಕೇಳಲು ಆತ ಬಂದದ್ದು ಫ್ಲಾರೆನ್ಸಿನಲ್ಲಿ ಬೀಡುಬಿಟ್ಟಿದ್ದ ಪೋಪ್ ಯುಜೀನಿಯಸ್ ಬಳಿಗೆ, ಗುಮ್ಮಟ ಮುಗಿದ ಕೆಲವೇ ವರ್ಷಗಳಲ್ಲಿ. ಪೋಪರ ಕಾರ್ಯದರ್ಶಿ ಪೋಜ್ಜೊ ಅವನನ್ನು ಕೂರಿಸಿಕೊಂಡು ಕೇಳಿ ಲ್ಯಾಟಿನ್‌ನಲ್ಲಿ ಬರೆದುಕೊಂಡ. ಅರವತ್ತು ಮೈಲಿ ಸುತ್ತಳತೆಯ ವಿಜಯನಗರ ಎಂಬ ಸಾಲು ನಮಗೆ ಬಂದದ್ದು ಲುಕ್ರೀಷಿಯಸ್‌ನನ್ನು ಹುಡುಕಿದ ಅದೇ ಕೈಯಿಂದ. ಎರಡು ಪಾಠಗಳನ್ನು ಬೇರೆ ಬೇರೆ ತಿಂಗಳಲ್ಲಿ ಮಾಡುವ ನಮಗೆ ಇವು ಒಂದೇ ಕಾಲದವೆಂಬುದು ಮರೆತೇ ಹೋಗುತ್ತದೆ.

ಪರೀಕ್ಷೆಯಲ್ಲಿ ಕಾನ್‌ಸ್ಟಾಂಟಿನೋಪಲ್ ಪತನದ ವರ್ಷ ಕೇಳಿದರೆ ಮಕ್ಕಳು 1453 ಎಂದೇ ಬರೆಯಲಿ, ಅಂಕ ಕಳೆದುಕೊಳ್ಳುವುದು ಬೇಡ. ತರಗತಿಯಲ್ಲಿ ಮಾತ್ರ ಬೇರೆ ವರ್ಷದಿಂದ ಶುರುಮಾಡಿ ನೋಡಿ. 1401ರಲ್ಲಿ ಬಟ್ಟೆ ವರ್ತಕರ ಸಂಘ ದೀಕ್ಷಾಸ್ನಾನ ಮಂದಿರದ ಕಂಚಿನ ಬಾಗಿಲಿಗೆ ಸ್ಪರ್ಧೆ ಏರ್ಪಡಿಸಿತು. ಅಬ್ರಹಾಮ ತನ್ನ ಮಗ ಐಸಾಕನನ್ನು ಬಲಿಕೊಡಲು ಹೊರಟ ಪ್ರಸಂಗ ಎಲ್ಲರಿಗೂ ಕೊಟ್ಟ ವಿಷಯ. ಏಳು ಜನರಲ್ಲಿ ಇಬ್ಬರ ಫಲಕಗಳು ಬಾರ್ಜೆಲ್ಲೊ ಮ್ಯೂಸಿಯಂನಲ್ಲಿ ಉಳಿದಿವೆ, ಗಿಬೆರ್ತಿಯದು ಮತ್ತು ಬ್ರುನೆಲ್ಲೆಸ್ಕಿಯದು. ಮೊಬೈಲಿನಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿ, ಯಾರಿಗೆ ಕೆಲಸ ಕೊಡುತ್ತೀರಿ ಎಂದು ಮಕ್ಕಳಿಂದ ಕೈ ಎತ್ತಿಸಿ. ಬ್ರುನೆಲ್ಲೆಸ್ಕಿಯ ಅಬ್ರಹಾಮ ಮಗನ ಗಂಟಲು ಹಿಡಿದಿದ್ದಾನೆ, ದೇವದೂತ ಅವನ ಕೈಯನ್ನೇ ಹಿಡಿದು ತಡೆಯುತ್ತಿದ್ದಾನೆ. ಗಿಬೆರ್ತಿಯ ಐಸಾಕನ ಮೈ ಹಳೆಯ ರೋಮನ್ ಶಿಲ್ಪದಂತೆ ಸುಂದರ, ಕತ್ತಿ ಇನ್ನೂ ದೂರ. ಅವರು ಕೈ ಎತ್ತಿದ ಮೇಲೆ ಗೆದ್ದವನು ಗಿಬೆರ್ತಿ ಎಂದು ಹೇಳಿ, ಇನ್ನೊಂದು ವಿವರವನ್ನೂ ಸೇರಿಸಿ: ಗಿಬೆರ್ತಿ ತನ್ನ ಫಲಕವನ್ನು ಬಹುಮಟ್ಟಿಗೆ ಒಂದೇ ಎರಕದಲ್ಲಿ ತೆಗೆದಿದ್ದ. ಬ್ರುನೆಲ್ಲೆಸ್ಕಿಯದು ತುಂಡು ತುಂಡಾಗಿ ಎರೆದು ಜೋಡಿಸಿದ್ದು, ಗಿಬೆರ್ತಿಯದಕ್ಕಿಂತ ಸುಮಾರು ಏಳು ಕಿಲೊ ಹೆಚ್ಚು ಕಂಚು. ಬಾಗಿಲಿಗೆ ಇಂಥ ಇಪ್ಪತ್ತೆಂಟು ಫಲಕ ಬೇಕಿತ್ತು. ಆಮೇಲೆ ಇನ್ನೊಮ್ಮೆ ಕೈ ಎತ್ತಿಸಿ.